ಟವೆಲ್ಲಿನ ಕೆಳಗೆ ಕೊಟ್ಟ ವರ್ಷಗಳು

ಬ್ಯಾಡಗಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಎಲ್ಲರೂ ಕೆಮ್ಮುತ್ತಾರೆ. ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತವೆ, ಘಾಟು ಊರ ತುಂಬ ಹರಡುತ್ತದೆ. ಬ್ಯಾಂಕಿನ ಗುಮಾಸ್ತ ಸೀನಿಕೊಂಡೇ ಸಹಿ ಹಾಕುತ್ತಾನೆ, ಮಾಸ್ತರರು ಕೆಮ್ಮಿಕೊಂಡೇ ಪಾಠ ಹೇಳುತ್ತಾರೆ. ಮೂಗಿಗೆ ಕರವಸ್ತ್ರ ಹಿಡಿದವರನ್ನು ಕಂಡರೆ ಪರ ಊರಿನವರೆಂದು ತಿಳಿದುಬಿಡುತ್ತದೆ. ಹೀಗಾಗಿ ನನ್ನ ತಮ್ಮ ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದರೂ ಅದು ರೋಗವೆಂದು ತಿಳಿಯಲು ನಮಗೆ ಹನ್ನೊಂದು ವರ್ಷ ಹಿಡಿಯಿತು. ಮಳೆಗಾಲದಲ್ಲೂ ಕೆಮ್ಮಿದರೆ ಓಣಿಯ ಹೆಂಗಸರು, "ಮನ್ಯಾಗ ಉಳದ ಘಾಟು ಬೇ, ಗ್ವಾಡ್ಯಾಗ ಸೇರಿರತೈತಿ" ಎನ್ನುತ್ತಿದ್ದರು. ಅವ್ವನೂ ಹಾಗೆಯೇ ನಂಬಿದ್ದಳು. ಅವಳ ಕೆಲಸವೇ ಮೆಣಸಿನಕಾಯಿಯ ತೊಟ್ಟು ಮುರಿಯುವುದು. ವ್ಯಾಪಾರಿಗಳ ಮನೆಯಿಂದ ಚೀಲ ತಂದು ಅಂಗಳದಲ್ಲಿ ಸುರಿದುಕೊಂಡು, ಓಣಿಯ ನಾಲ್ಕೈದು ಹೆಂಗಸರ ಜೊತೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು.

ತಮ್ಮನ ಬಗ್ಗೆ ಅವ್ವ ಇನ್ನೊಂದು ಮಾತನ್ನೂ ಆಡುತ್ತಿದ್ದಳು. "ಇವಗ ಮುದ್ದು ಕೊಟ್ರ ತುಟಿಗೆ ಉಪ್ಪು ಹತ್ತತೈತಿ ನೋಡ್ರಿ." ನಾವೆಲ್ಲ ನಗುತ್ತಿದ್ದೆವು. ಅಪ್ಪ ಅವನನ್ನು ಉಪ್ಪಿನಕಾಯಿ ಎಂದೇ ಕರೆಯುತ್ತಿದ್ದ. ಎಷ್ಟು ಉಂಡರೂ ಅವನ ಕೈಕಾಲು ಕಡ್ಡಿಯಂತೆಯೇ ಇದ್ದವು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ದಿನಕ್ಕೆ ನಾಲ್ಕು ಸಲ ಬಯಲಿಗೆ ಓಡುತ್ತಿದ್ದ. ಕ್ಷಯವೆಂದು ಎರಡು ಸಲ ಔಷಧ ಕೊಡಿಸಿದ್ದಾಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯ ವೈದ್ಯರು ಅವ್ವನ ಆ ಉಪ್ಪಿನ ಮಾತು ಕೇಳಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವರ ಚೀಟಿ ಹಿಡಿದು ದೂರದ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ಬೆವರಿನ ಪರೀಕ್ಷೆ ಮಾಡಿಸಿದೆವು. ರೋಗದ ಹೆಸರು ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಹುಟ್ಟಿನಿಂದಲೇ ಬರುವಂಥದ್ದು; ಎದೆಯಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಹೊಟ್ಟೆಗೆ ಹೋದ ಎಣ್ಣೆ ಬೆಣ್ಣೆ ಜೀರ್ಣವಾಗದೆ ಹೊರಗೆ ಹೋಗುತ್ತದೆ. ವಾಸಿಯಾಗುವುದಿಲ್ಲ. ಪ್ರತಿ ಊಟದ ಜೊತೆ ಜೀರ್ಣಕ್ಕೆ ಮಾತ್ರೆ, ಎದೆಗೆ ಆಗಾಗ ಇಂಜೆಕ್ಷನ್, ದಿನಾ ಎರಡು ಹೊತ್ತು ಬೆನ್ನು ತಟ್ಟಿ ಕಫ ಇಳಿಸುವುದು. ಬೆನ್ನು ತಟ್ಟುವುದು ನಮ್ಮ ಕೈಯಲ್ಲಿತ್ತು. ಉಳಿದದ್ದು ಇರಲಿಲ್ಲ.

ಅಪ್ಪ ದನದ ದಲಾಲಿ. ಹಾವೇರಿ, ರಾಣೆಬೆನ್ನೂರಿನ ಸಂತೆಗಳಲ್ಲಿ ಎತ್ತು ಕೊಡಿಸುವ, ಮಾರಿಸುವ ಕೆಲಸ. ನಾನು ಆಗ ಹಾವೇರಿಯ ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಪಿಯುಸಿಯಿಂದ ಡೈರಿ ಬರೆಯುವ ರೂಢಿಯಿತ್ತು. ರೋಗದ ಹೆಸರು ಗೊತ್ತಾದ ದಿನದಿಂದ ಡೈರಿಯ ಎಡಬದಿಯನ್ನು ತಮ್ಮನಿಗಾಗಿ ಬಿಟ್ಟೆ. ಕೆಮ್ಮಿ ಎದ್ದ ರಾತ್ರಿಗೆ ಒಂದು ಗೀಟು, ಶಾಲೆ ತಪ್ಪಿದ ದಿನಕ್ಕೆ ಒಂದು ಅಡ್ಡಗೆರೆ, ಪ್ರತಿ ತಿಂಗಳ ಮೊದಲ ಸೋಮವಾರ ತೂಕ. ತೂಕ ಮಾಡುತ್ತಿದ್ದದ್ದು ಮೆಣಸಿನಕಾಯಿ ತೂಗುವ ಕಾಟಾದ ಮೇಲೆ. ಹಮಾಲರು, "ಇದು ಹಸಿ ಮಾಲೋ ಒಣ ಮಾಲೋ?" ಎಂದು ಅವನನ್ನು ಎತ್ತಿ ಕೂರಿಸುತ್ತಿದ್ದರು. ಹನ್ನೆರಡು ತುಂಬಿದಾಗ ಅವನು ಇಪ್ಪತ್ತು ಕಿಲೋ ಇದ್ದ.

ಆ ವರ್ಷದ ಮಾಘದಲ್ಲಿ ಒಂದು ಸುದ್ದಿ ಬಂತು. ರಾಣೆಬೆನ್ನೂರಿನ ಕೆಲವು ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಒಂದು ಟ್ರಸ್ಟ್, ದೀರ್ಘ ರೋಗವಿರುವ ಮಕ್ಕಳಿಗೆ ಔಷಧ ಕೊಡಿಸಲು ಮುಂದೆ ಬಂದಿದೆ. ಆದರೆ ಎಲ್ಲರಿಗೂ ಕೊಡುವಷ್ಟು ಅವರಲ್ಲಿಲ್ಲ. ಯಾರಿಗೆ ಕೊಟ್ಟರೆ ಹೆಚ್ಚು ಪ್ರಯೋಜನ ಎಂದು ಲೆಕ್ಕ ಹಾಕಿ ವರದಿ ಕೊಡಲು ಒಬ್ಬ ವೈದ್ಯೆಯನ್ನು ಕೇಳಿಕೊಂಡಿದ್ದರು. ಆಕೆ ಮೈಸೂರಿನ ಕಡೆಯವರು, ಮೂವತ್ತರೊಳಗಿನ ವಯಸ್ಸು. ಕಾಯಿಲೆಯವರ ಬದುಕು ಎಷ್ಟು ಚೆನ್ನಾಗಿದೆ, ಔಷಧದಿಂದ ಎಷ್ಟು ಸುಧಾರಿಸೀತು ಎನ್ನುವುದನ್ನು ಅಂಕಿಯಲ್ಲಿ ಅಳೆಯುವ ವಿದ್ಯೆ ಕಲಿತು ಬಂದಿದ್ದರು. ವಾರಕ್ಕೊಂದು ದಿನ ಹಾವೇರಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದರು, ಉಳಿದ ದಿನ ಮನೆಮನೆಗೆ ಹೋಗುತ್ತಿದ್ದರು. ಅವರ ಲೆಕ್ಕದಲ್ಲಿ ತಮ್ಮನ ಅಂಕಿ ಸರಿಯಾಗಿ ಬಂದರೆ ಔಷಧ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಗೆ ತಿಳಿದದ್ದು ಇಷ್ಟೇ, ತಿಳಿಯಬೇಕಾದದ್ದೂ ಇಷ್ಟೇ.

ಅವರು ಬಂದದ್ದು ಒಂದು ಭಾನುವಾರ. ಅಪ್ಪ ರಾಣೆಬೆನ್ನೂರಿನ ಸಂತೆಗೆ ಹೋಗಿದ್ದ. ಅಂಗಳದಲ್ಲಿ ಹೆಂಗಸರು ತೊಟ್ಟು ಮುರಿಯುತ್ತ ಕೂತಿದ್ದರು. ವೈದ್ಯೆ ಬಾಗಿಲು ದಾಟುವ ಮೊದಲೇ ಮೂರು ಸಲ ಸೀನಿದರು.

"ಬರ್ರಿ ಬಾಯಾರ, ಕುಂದ್ರಿ. ಆರಾಮದೀರಿ?" ಎಂದಳು ಅವ್ವ.

"ಚೆನ್ನಾಗಿದ್ದೀನಿ ಅಮ್ಮ. ನಿಮ್ಮ ಮಗ ಹೇಗಿದ್ದಾನೆ?"

"ಆರಾಮ ಅದಾನ್ರಿ."

ನಮ್ಮ ಕಡೆ ಮನೆಗೆ ಬಂದವರು ಕೇಳಿದರೆ ಹೇಳುವ ಮಾತು ಅದೊಂದೇ. ಹೆಣ ಒಳಗಿದ್ದರೂ ಮೊದಲು ಆರಾಮ ಎಂದು ಆಮೇಲೆ ವಿಷಯ ಹೇಳುತ್ತಾರೆ. ವೈದ್ಯೆಗೆ ಅದು ಗೊತ್ತಿರಲಿಲ್ಲ, ಬರೆದುಕೊಂಡರು. ನಾನು ಪಕ್ಕದಲ್ಲಿ ಕೂತು, "ಹಂಗಲ್ರಿ, ಅದನ್ನ ಹೊಡದು ಹಾಕ್ರಿ" ಎಂದು ಕಳೆದ ತಿಂಗಳ ಗೀಟುಗಳನ್ನು ತೋರಿಸಿದೆ. ಅವರು ನೋಡಿ ತಲೆಯಾಡಿಸಿದರು.

ಮೊದಲು ತಮ್ಮನ ಸರದಿ. ಕಾಗದದ ಮೇಲೆ ಉದ್ದಕ್ಕೆ ಒಂದು ಗೆರೆ, ಕೆಳಗೆ ಸೊನ್ನೆ, ಮೇಲೆ ನೂರು. ಇವತ್ತು ನಿನ್ನ ಆರೋಗ್ಯ ಈ ಗೆರೆಯಲ್ಲಿ ಎಲ್ಲಿದೆ, ಗುರುತು ಹಾಕು ಎಂದರು.

"ಇದಕ್ಕ ಪಾಸ್ ಎಷ್ಟಕ್ಕ್ರಿ?" ಎಂದ ತಮ್ಮ.

"ಇದ್ರಲ್ಲಿ ಪಾಸು ಫೇಲು ಇಲ್ಲಪ್ಪ. ನೂರು ಅಂದ್ರೆ ಪೂರ್ತಿ ಆರೋಗ್ಯ. ಸೊನ್ನೆ ಅಂದ್ರೆ..." ಅವರು ತಡವರಿಸಿದರು.

"ಸತ್ತಂಗ, ಹೌದಲ್ರಿ?"

"ಬಿಡ್ತು ಅನ್ನಲೇ!" ಒಲೆಯ ಮುಂದಿನಿಂದ ಅವ್ವ ಕೂಗಿದಳು.

"ಬಿಡ್ತು, ಬಿಡ್ತು" ಎಂದು ತಮ್ಮ ಎರಡು ಸಲ ಹೇಳಿ, ಪೆನ್ಸಿಲ್ ತುದಿಯನ್ನು ನಾಲಿಗೆಗೆ ಹಚ್ಚಿಕೊಂಡು ಅರವತ್ತೊಂದರ ಹತ್ತಿರ ಗುರುತು ಹಾಕಿದ. "ಫಸ್ಟ್ ಕ್ಲಾಸ್ ಸಾಕ್ರಿ. ಡಿಸ್ಟಿಂಕ್ಷನ್ ಅಂದ್ರ ಯಾರೂ ನಂಬಂಗಿಲ್ಲ."

ಅಂಗಳದಿಂದ ಎದುರು ಮನೆಯ ಮುದುಕಿ ಕತ್ತು ಚಾಚಿದಳು. "ಗಣಿತದಾಗ ಹನ್ನೆರಡು ತಗೊಂಡಾಂವ, ರೋಗದಾಗ ಫಸ್ಟ್ ಕ್ಲಾಸ್ ಬಂದ ನೋಡ್ರಬೇ!" ಎಲ್ಲರೂ ನಕ್ಕರು. ತಮ್ಮ ನಕ್ಕು ಕೆಮ್ಮಿದ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ವೈದ್ಯೆ ಪೆನ್ನು ಕೆಳಗಿಟ್ಟು ಕಾಯ್ದರು.

ಆ ಗೆರೆ ಬರೀ ಪೀಠಿಕೆ. ವರದಿಗೆ ಬೇಕಾದದ್ದು ಮುಂದಿನ ಪ್ರಶ್ನೆ, ಅದನ್ನು ತಾಯಿಗೇ ಕೇಳಬೇಕಿತ್ತು. ಅವ್ವ ಚಹಾ ಕೊಟ್ಟು, ಕೈ ಒರೆಸಿಕೊಂಡು ಎದುರು ಕೂತಳು.

"ಅಮ್ಮ, ಸುಮ್ನೆ ಊಹೆ ಮಾಡ್ಕೊಳ್ಳಿ. ನಿಮ್ಮ ಮಗ ಈಗಿರೋ ಹಾಗೇ, ಇದೇ ಕೆಮ್ಮು, ಇದೇ ಹೊಟ್ಟೆನೋವು ಇಟ್ಕೊಂಡು ಹತ್ತು ವರ್ಷ ಇರ್ತಾನೆ ಅಂತ ಅಂದ್ಕೊಳ್ಳಿ. ಇನ್ನೊಂದು ಕಡೆ, ಒಂದು ಚೂರೂ ಕಾಯಿಲೆ ಇಲ್ಲ, ಓಡ್ತಾನೆ, ಆಡ್ತಾನೆ, ಆದ್ರೆ ಎಂಟೇ ವರ್ಷ. ಎರಡರಲ್ಲಿ ಯಾವುದು ಬೇಕು ಅಂತೀರಿ?"

"ಹತ್ತು" ಎಂದಳು ಅವ್ವ.

"ಒಂಬತ್ತು ವರ್ಷ ಆದ್ರೆ?"

"ಹತ್ತ ಬೇಕ್ರಿ."

"ಒಂದೇ ಒಂದು ತಿಂಗಳು ಕಡಿಮೆ. ಕಾಯಿಲೆ ಪೂರ್ತಿ ಹೋಗುತ್ತೆ."

ಅವ್ವನ ಮುಖ ಗಟ್ಟಿಯಾಯಿತು. "ಒಂದ ದಿವಸಾನೂ ಯಾಕ ಬಿಡ್ಲಿರಿ ನಾ? ಹಡದಾಕಿ ಬಾಯಿಂದ ಅನಿಸಬೇಕಂತೀರೇನು? ಬಿಡ್ತು ಅನ್ರಿ ಮೊದಲ."

ವೈದ್ಯೆ ನನ್ನ ಕಡೆ ನೋಡಿದರು. ಕೆಟ್ಟ ಮಾತು ಬಾಯಿಗೆ ಬಂದರೆ ಅದು ನಿಜವಾಗದಿರಲಿ ಎಂದು ಹಾಗೆ ಅನ್ನುತ್ತಾರೆ ಎಂದು ಮೆಲ್ಲಗೆ ಹೇಳಿದೆ. ಅವರು, "ಬಿಡ್ತು" ಎಂದರು, ಶ್ರದ್ಧೆಯಿಂದಲೇ.

"ನಂದು ತಗೋರಿ" ಎಂದಳು ಅವ್ವ. "ನಂದು ಎಷ್ಟ ಬೇಕಾದ್ರೂ ಬಿಡ್ತೀನಿ. ಬರಕೋರಿ."

"ನಿಮ್ಮದು ಬರ್ಕೊಳ್ಳೋಕೆ ಈ ಕಾಗದದಲ್ಲಿ ಜಾಗ ಇಲ್ಲ ಅಮ್ಮ."

"ನನ್ನ ಕೇಳ್ರಿ, ನಾ ಬಿಡ್ತೀನಿ ಐದು" ಎಂದ ತಮ್ಮ ಬಾಗಿಲಿನಿಂದ. ಅವ್ವ ಕೈಗೆ ಸಿಕ್ಕ ಲಟ್ಟಣಿಗೆ ಎತ್ತಿದಳು, ಅವನು ಅಂಗಳಕ್ಕೆ ಜಿಗಿದ. ಅಷ್ಟು ಚಿಕ್ಕವರನ್ನು ಈ ಪ್ರಶ್ನೆ ಕೇಳುವ ಹಾಗಿಲ್ಲ ಎಂದು ವೈದ್ಯೆ ಹೇಳಿ, ಕಾಗದದಲ್ಲಿ ಏನೋ ಬರೆದು ಎದ್ದರು.

ಏನು ಬರೆದರೆಂದು ನನಗೆ ತಿಳಿದದ್ದು ಮುಂದಿನ ವಾರ. ಕಾಲೇಜು ಬಿಟ್ಟ ಮೇಲೆ ಹಾವೇರಿಯ ಅವರ ಕೋಣೆಗೆ ಬರಲು ಹೇಳಿ ಕಳಿಸಿದ್ದರು. ಮುಖ ಸಪ್ಪಗಿತ್ತು.

"ಹತ್ತು ವರ್ಷದಲ್ಲಿ ಎಷ್ಟು ಬಿಟ್ಟುಕೊಡೋಕೆ ಒಪ್ತಾರೆ ಅನ್ನೋದರ ಮೇಲೆ ಈಗಿನ ಬದುಕು ಎಷ್ಟು ಕಷ್ಟ ಇದೆ ಅಂತ ಲೆಕ್ಕ ಹಾಕ್ತೀವಿ" ಎಂದರು. "ಐದು ಬಿಟ್ಟರೆ ಈಗಿನ ಬದುಕು ಅರ್ಧ ಬದುಕು. ಎಂಟು ಬಿಟ್ಟರೆ ಇನ್ನೂ ಕೆಟ್ಟದ್ದು. ನಿಮ್ಮ ತಾಯಿ ಏನೂ ಬಿಡಲಿಲ್ಲ. ಸೊನ್ನೆ."

ಲೆಕ್ಕ ನನ್ನ ವಿಷಯವಾಗಿತ್ತು. ಅವರು ಮುಂದೆ ಹೇಳುವ ಮೊದಲೇ ತಿಳಿಯಿತು. ಏನೂ ಬಿಡಲು ಒಪ್ಪಲಿಲ್ಲವೆಂದರೆ ಬಿಡುವಂಥ ಕಷ್ಟವೇ ಇಲ್ಲ ಎಂದು ಅರ್ಥ. ಆ ಕಾಗದದ ಪ್ರಕಾರ ನನ್ನ ತಮ್ಮ ಪೂರ್ಣ ಆರೋಗ್ಯವಂತ. ಪೂರ್ಣ ಆರೋಗ್ಯವಂತನಿಗೆ ಔಷಧ ಕೊಟ್ಟರೆ ಸುಧಾರಿಸುವುದು ಏನೂ ಇಲ್ಲ.

"ಹಲಗೇರಿಯಲ್ಲಿ ಒಂದು ಹುಡುಗಿ ಇದ್ದಾಳೆ, ಇದೇ ಕಾಯಿಲೆ" ಎಂದರು. "ಅವಳ ಅಜ್ಜಿ ಆರು ವರ್ಷ ಬಿಟ್ಟರು. ಅವಳು ನಿಮ್ಮ ತಮ್ಮನಿಗಿಂತ ದಪ್ಪಗಿದ್ದಾಳೆ."

ನಾನು ನನ್ನ ಡೈರಿ ತೆಗೆದೆ. ತೂಕ, ರಾತ್ರಿಗಳು, ತಪ್ಪಿದ ಶಾಲೆ. ಅವರು ತಾಳ್ಮೆಯಿಂದ ಎಲ್ಲ ಪುಟ ನೋಡಿದರು. "ಇದು ಕಾಯಿಲೆಯ ಲೆಕ್ಕ. ಟ್ರಸ್ಟಿನ ಮುಂದೆ ಮೂತ್ರಪಿಂಡದ ಮಕ್ಕಳೂ ಇದ್ದಾರೆ, ರಕ್ತದ ಕಾಯಿಲೆ ಮಕ್ಕಳೂ ಇದ್ದಾರೆ. ಅವರ ಕೆಮ್ಮನ್ನ ಎಣಿಸೋಕಾಗಲ್ಲ. ಎಲ್ಲರಿಗೂ ಒಂದೇ ಅಳತೆ ಬೇಕು, ಅದಕ್ಕೆ ವರ್ಷಗಳಲ್ಲಿ ಕೇಳೋದು."

"ನೀವ ಒಂದು ಅಂಕಿ ಬರೀರಿ" ಎಂದೆ.

"ಬರೆಯಲ್ಲ." ಸಿಟ್ಟಿನಿಂದಲ್ಲ, ಆಗಲೇ ತನಗೆ ತಾನು ಹಲವು ಸಲ ಹೇಳಿಕೊಂಡವರಂತೆ ಹೇಳಿದರು. "ನಿಮ್ಮ ತಮ್ಮನಿಗೆ ನಾನು ಬರೆದ್ರೆ ಹಲಗೇರಿ ಅಜ್ಜಿ ಹೇಳಿದ್ದಕ್ಕೆ ಏನು ಬೆಲೆ? ಆದ್ರೆ ಇನ್ನೊಂದ್ಸಲ ಕೇಳಬಹುದು. ತಿಂಗಳ ಕೊನೆಗೆ ಟ್ರಸ್ಟಿನ ಸಭೆ."

ಅವತ್ತು ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ಬ್ಯಾಡಗಿಗೆ ಬಂದು ಮನೆಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಪ್ಪ ಬೇಗ ಅರ್ಥ ಮಾಡಿಕೊಂಡ. ಎತ್ತು ಮಾರುವವನು ಇದರಲ್ಲಿ ಕುಂದೇ ಇಲ್ಲ ಎಂದು ಹಟ ಹಿಡಿದರೆ ಔಷಧ ಹಚ್ಚುವ ಮಾತು ಎಲ್ಲಿ ಬಂತು ಎಂದ.

"ಬಾಯಿಮಾತಿಗೆ ಒಂದ್ ಎರಡು ಅಂದಬಿಡು. ಯಾರ ಗಂಟ ಏನ್ ಹೋಗತೈತಿ?"

"ಬಾಯಿಮಾತಂತ! ಅಸ್ತು ಅನ್ನು ದೇವ್ರು ಮಾಳಿಗಿ ಮ್ಯಾಲ ಕುಂತಿರತಾವ. ಯಾವಾಗ ಅಸ್ತು ಅಂತಾವ ಯಾರಿಗೊತ್ತು?"

"ಅವ್ವಾ, ಇದು ಬರೇ ಲೆಕ್ಕ" ಎಂದೆ ನಾನು.

"ನಿನ್ನ ಲೆಕ್ಕ ನಿನ್ನ ಕಡೆ ಇಟ್ಕೋ. ಅವನ ಆಯುಷ್ಯಾ ಅಂದ್ರ ನಿನಗ ಬರೇ ಲೆಕ್ಕ."

ಶನಿವಾರ ಅವಳೊಬ್ಬಳೇ ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದಳು. ಏನು ಕೇಳಿದಳೋ, ಏನು ಅಪ್ಪಣೆಯಾಯಿತೋ ಹೇಳಲಿಲ್ಲ. ಆ ವಾರ ತಮ್ಮನಿಗೆ ಜ್ವರ ಬಂತು. ಕಫದಲ್ಲಿ ರಕ್ತದ ಎಳೆ ಕಂಡಿತು. ಅವನು ಅದನ್ನು ಕಾಲಿನಿಂದ ಮಣ್ಣೆಳೆದು ಮುಚ್ಚಿದ್ದನ್ನು ಅವ್ವ ನೋಡಿದಳು.

ದಾರಿ ತೋರಿಸಿದವನೂ ಅವನೇ. ಬೆನ್ನು ತಟ್ಟಿಸಿಕೊಳ್ಳಲು ಮಂಚದ ಮೇಲೆ ತಲೆ ಕೆಳಗಾಗಿ ಮಲಗಿದ್ದ. ಅಪ್ಪ ತಟ್ಟುತ್ತಿದ್ದ. ಪ್ರತಿ ಏಟಿಗೂ ದನಿ ಅದುರುತ್ತಿತ್ತು.

"ಅಪ್ಪಾ, ನೀ ಸಂತ್ಯಾಗ ಬಾಯಿ ಬಿಟ್ಟು ರೇಟ್ ಹೇಳ್ತಿಯೇನು?"

"ಹುಚ್ಚ ಅದಿಯೇನ್ಲೇ? ನಾಕು ಮಂದಿ ಕೇಳಸ್ಕೊಂಡ್ರ ವ್ಯವಹಾರ ಉಳೀತೈತಿ?"

"ಮತ್ತ ಅವ್ವಗ್ಯಾಕ ಬಾಯಿ ಬಿಡು ಅಂತೀರಿ? ಟವೆಲ್ ಹಾಕ್ರಿ."

ಅಪ್ಪ ತಟ್ಟುವುದನ್ನು ನಿಲ್ಲಿಸಿದ.

ದನದ ಸಂತೆ ನೋಡದವರಿಗಾಗಿ ಹೇಳುತ್ತೇನೆ. ಎತ್ತಿನ ಬೆಲೆಯನ್ನು ಅಲ್ಲಿ ಯಾರೂ ಬಾಯಲ್ಲಿ ಹೇಳುವುದಿಲ್ಲ. ದಲಾಲಿ ತನ್ನ ಕೈಯ ಮೇಲೆ ಟವೆಲ್ ಹೊದಿಸುತ್ತಾನೆ; ಎದುರಿನವನು ಅದರೊಳಗೆ ಕೈ ಹಾಕಿ ಇವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಒಪ್ಪದಿದ್ದರೆ ಬೆರಳು ಬಿಡಿಸಿಕೊಳ್ಳುತ್ತಾರೆ, ಒಪ್ಪಿದರೆ ಅಂಗೈ ಒತ್ತುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಇಬ್ಬರಿಗೇ ಗೊತ್ತು. ಬರಹವಿಲ್ಲ, ಸಾಕ್ಷಿಯಿಲ್ಲ, ಆದರೆ ಅಂಗೈ ಒತ್ತಿದ ಮೇಲೆ ಮಾತು ಮುಗಿಯಿತು. ಕೊಡುವವನು ಕೊಡಲೇಬೇಕು, ಒಯ್ಯುವವನು ಒಯ್ಯಲೇಬೇಕು. ಅದನ್ನು ಮುರಿದವನ ಜೊತೆ ಮತ್ತೆ ಸಂತೆಯಲ್ಲಿ ಯಾರೂ ಚಹಾ ಸಹ ಕುಡಿಯುವುದಿಲ್ಲ.

ಅಪ್ಪ ಇದನ್ನೆಲ್ಲ ಅವ್ವನಿಗೆ ಮತ್ತೆ ಹೇಳಬೇಕಾಗಿರಲಿಲ್ಲ, ಅವಳು ಇಪ್ಪತ್ತೆರಡು ವರ್ಷದಿಂದ ಕೇಳಿದವಳು. ಅವಳು ಕೇಳಿದ್ದು ಒಂದೇ ಮಾತು. "ದೇವ್ರಿಗೂ ಕಾಣಂಗಿಲ್ಲಲ್ಲ?"

"ಟವೆಲ್ ಕೆಳಗಿಂದು ಯಾರಿಗೂ ಕಾಣಂಗಿಲ್ಲ" ಎಂದ ಅಪ್ಪ.

ವೈದ್ಯೆ ಎರಡನೆಯ ಸಲ ಬಂದದ್ದು ಒಂದು ಬುಧವಾರ. ಅಂಗಳದ ಹೆಂಗಸರನ್ನು ಅವತ್ತು ಬರಬೇಡವೆಂದು ಹೇಳಲಾಗಿತ್ತು. ಅಪ್ಪ ಒಗೆದು ಒಣಗಿಸಿದ ಟವೆಲ್ ತಂದು, ತಮ್ಮನ ಕೈ ಹಿಡಿದು ವೈದ್ಯೆಗೆ ಕ್ರಮ ತೋರಿಸಿದ. ಅವರು ಮೊದಲು ನಕ್ಕರು. ಅವ್ವ ನಗದಿರುವುದನ್ನು ಕಂಡು ನಿಲ್ಲಿಸಿದರು.

"ಪ್ರಶ್ನೆ ನಾನು ಬಾಯಲ್ಲೇ ಕೇಳಬೇಕಾಗುತ್ತೆ" ಎಂದರು.

"ನೀವು ಕೇಳ್ರಿ. ಆಕಿ ಕೈಲೆ ಹೇಳ್ತಾಳ" ಎಂದ ಅಪ್ಪ.

ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತರು. ಟವೆಲ್ ಹಾಕಿದ್ದಾಯಿತು. ವೈದ್ಯೆ ಅದೇ ಹತ್ತು ವರ್ಷದ ಪ್ರಶ್ನೆಯನ್ನು ನಿಧಾನವಾಗಿ, ಮೊದಲಿನ ಮಾತುಗಳಲ್ಲೇ ಕೇಳಿದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ಟವೆಲ್ ಅಲುಗಾಡಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿದ್ದ. ಸಂತೆಯಲ್ಲೂ ಸಭ್ಯರು ಹಾಗೆಯೇ ಮಾಡುತ್ತಾರೆ. ತಮ್ಮ ಕೆಮ್ಮು ತಡೆದುಕೊಂಡು ಕೆಂಪಗಾಗಿದ್ದ. ಕೊನೆಗೆ ಟವೆಲ್ಲಿನೊಳಗೆ ಏನೋ ಸರಿದಾಡಿತು. ವೈದ್ಯೆ ಅವ್ವನ ಮುಖ ನೋಡಿ, "ಇಷ್ಟೇನಾ?" ಎಂದು ಕೇಳಿದರು. ಅವ್ವ ತಲೆಯಾಡಿಸಲಿಲ್ಲ. ಅಂಗೈ ಒತ್ತಿರಬೇಕು. ವೈದ್ಯೆ ಕೈ ಹೊರಗೆಳೆದುಕೊಂಡು, ಗೋಡೆಗೆ ಒರಗಿ, ಕಾಗದವನ್ನು ಮರೆಮಾಡಿ ಬರೆದುಕೊಂಡರು.

ಅವ್ವನ ಬೆರಳುಗಳಿಗೆ ತಿಂಗಳುಗಟ್ಟಲೆ ಮೆಣಸಿನಕಾಯಿಯ ಖಾರ ಹತ್ತಿತ್ತು, ತೊಳೆದರೆ ಹೋಗುವಂಥದ್ದಲ್ಲ. ಅರ್ಧ ಗಂಟೆಯಲ್ಲಿ ವೈದ್ಯೆಯ ಕೈ ಉರಿಯತೊಡಗಿತು. ನಾನು ಬಟ್ಟಲಲ್ಲಿ ಮಜ್ಜಿಗೆ ಕೊಟ್ಟೆ. ಬಸ್ಸಿನ ಹೊತ್ತಾಗುವವರೆಗೆ ಅವರು ಬೆರಳು ಅದ್ದಿಕೊಂಡು ಕೂತಿದ್ದರು. ಎಷ್ಟು ಬೆರಳೆಂದು ನಾನು ಎಣಿಸಲಿಲ್ಲ. ಬಟ್ಟಲು ಅವರೆದುರು ಇಟ್ಟು ಒಳಗೆ ಹೋದೆ.

ಟ್ರಸ್ಟಿನ ಸಭೆಯಲ್ಲಿ ಹಲಗೇರಿಯ ಹುಡುಗಿಯ ಹೆಸರೂ ಬಂತು, ತಮ್ಮನ ಹೆಸರೂ ಬಂತು. ಏಪ್ರಿಲ್ ಎರಡನೆಯ ವಾರ ಮಾತ್ರೆಗಳ ಮೊದಲ ಡಬ್ಬಿ ಕೈಗೆ ಸಿಕ್ಕಿತು.

ಅದರ ಮುಂದಿನ ತಿಂಗಳುಗಳನ್ನು ಡೈರಿಯಲ್ಲಿ ನೋಡಿದರೆ ಎಡಬದಿ ಬಹುಪಾಲು ಖಾಲಿ. ಗೀಟುಗಳು ಕಡಿಮೆಯಾದವು. ದೀಪಾವಳಿಯ ಹೊತ್ತಿಗೆ ಕಾಟಾ ಇಪ್ಪತ್ತಾರು ಕಿಲೋ ತೋರಿಸಿತು. ಹಮಾಲರು, "ಮಾಲು ತಂಪಾತು ನೋಡ್ರಿ, ತೂಕಕ್ಕ ನೀರು ಹೊಡದಾರ" ಎಂದರು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದು ಅರಗಿಸಿಕೊಂಡ. ಅಪ್ಪನ ಜೊತೆ ಹಾವೇರಿಯ ಸಂತೆಗೆ ಹೋಗಿ ಅಗಡಿಯ ರೈತನೊಬ್ಬನ ಹೋರಿಯ ಹಲ್ಲು ನೋಡಿ ವಯಸ್ಸು ಹೇಳಿದ, ತಪ್ಪು ಹೇಳಿದ. ಶಾಲೆಯಲ್ಲಿ ಗಣಿತಕ್ಕೆ ಮೂವತ್ತೇಳು ಬಂತು. ಓಣಿಯಲ್ಲಿ ಪೇಢೆ ಹಂಚಿಸಲು ಹಟ ಹಿಡಿದ, ಅವ್ವ ಹಂಚಿದಳು.

ಮಾತ್ರೆ ಹೊಟ್ಟೆಯನ್ನು ಸರಿಮಾಡಿತ್ತು. ಎದೆಯನ್ನು ಅದು ಕಾಯಲಿಲ್ಲ. ಎರಡನೆಯ ಮಳೆಗಾಲದಲ್ಲಿ ಜ್ವರ ಬಂದದ್ದು ಇಳಿಯಲಿಲ್ಲ. ಇಂಜೆಕ್ಷನ್ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಗೀಟು ಹಾಕಲು ಡೈರಿಯಲ್ಲಿ ಜಾಗ ಸಾಲದಾಯಿತು, ಆಮೇಲೆ ಹಾಕುವುದನ್ನೇ ಬಿಟ್ಟೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದ. ಕೊನೆಯ ದಿನಗಳಲ್ಲಿ ಮಾತಾಡಲು ಉಸಿರು ಸಾಲದೆ ಕೈಸನ್ನೆ ಮಾಡುತ್ತಿದ್ದ. ನೀರು ಬೇಕೆಂದು ಹೆಬ್ಬೆರಳು ತೋರಿಸಿದ ಒಂದು ಮಧ್ಯಾಹ್ನ, ಅವ್ವ ಲೋಟ ತಂದಾಗ ಅವನು ಇರಲಿಲ್ಲ. ಮೊದಲ ಡಬ್ಬಿ ಬಂದು ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಹದಿನಾಲ್ಕು ತುಂಬಿರಲಿಲ್ಲ.

ಅವ್ವ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ, ದಿನಕರ್ಮ ಮುಗಿದ ಮೇಲೂ ಇಲ್ಲ. ಓಣಿಯ ಹೆಂಗಸರು ಅಳಿಸಲು ನೋಡಿದರು, ಅವನ ಅಂಗಿ ತಂದು ತೊಡೆಯ ಮೇಲೆ ಇಟ್ಟರು. ಅವಳು ಅದನ್ನು ಮಡಿಚಿ ಪಕ್ಕಕ್ಕಿಟ್ಟಳು. ಏನನ್ನೋ ಕಾಯುತ್ತಿರುವವಳಂತೆ ಬಾಗಿಲ ಕಡೆಗೆ ಕೂರುತ್ತಿದ್ದಳು. ಒಂದು ದಿನ ನಾನು ಹಾವೇರಿಗೆ ಹೊರಟಾಗ ಸೀರೆ ಬದಲಾಯಿಸಿ ನಿಂತಿದ್ದಳು.

"ಆ ಬಾಯಾರು ಇವತ್ತ ಕುಂದರತಾರಲ್ಲ? ಕರಕೊಂಡು ಹೋಗು."

ವೈದ್ಯೆಗೆ ವಿಷಯ ತಿಳಿದಿತ್ತು. ನಮ್ಮನ್ನು ನೋಡಿ ಎದ್ದು ನಿಂತರು, ಕುರ್ಚಿ ಎಳೆದರು. ಅವ್ವ ಕೂರಲಿಲ್ಲ.

"ಬಾಯಾರ, ನಮ್ಮಿಬ್ಬರದೂ ವ್ಯವಹಾರ ಆಗಿತ್ತು."

"ಹೌದಮ್ಮ."

"ನೀವು ಹತ್ತು ಅಂದ್ರಿ. ನಾ ಬಿಟ್ಟೆ. ಎಷ್ಟು ಬಿಟ್ಟೆ ಅಂತ ನಿಮಗ ಗೊತ್ತೈತಿ, ನನಗ ಗೊತ್ತೈತಿ. ಅದನ್ನ ಕಳದು ಉಳದದ್ದು ನನ್ನ ಮಗಂದು. ಅದರಾಗ ಒಂದೂವರಿ ವರ್ಷನೂ ಅವ ಉಣ್ಣಲಿಲ್ಲ." ಅವಳ ದನಿ ಏರಲಿಲ್ಲ. ಸಂತೆಯಲ್ಲಿ ತಕರಾರು ತಂದವರು ಮಾತಾಡುವ ಹಾಗೆ, ಒಂದೊಂದೇ ಮಾತನ್ನು ಮುಂದಿಟ್ಟು ಹೇಳುತ್ತಿದ್ದಳು. "ಉಳದದ್ದು ಎಲ್ಲೈತಿ?"

ವೈದ್ಯೆ ನನ್ನ ಕಡೆ ನೋಡಲಿಲ್ಲ, ಅವ್ವನನ್ನೇ ನೋಡಿದರು. "ಆ ಹತ್ತು ನನ್ನ ಹತ್ರ ಇರ್ಲಿಲ್ಲಮ್ಮ. ಅದು ಪ್ರಶ್ನೆಗೋಸ್ಕರ ಇಟ್ಟುಕೊಂಡ ಅಂಕಿ. ಎಲ್ಲರಿಗೂ ಹತ್ತೇ ಅಂತ ಕೇಳ್ತೀವಿ."

"ಹಲಗೇರಿಯವರಿಗೂ?"

"ಅವರಿಗೂ. ಮುದುಕರಿಗೂ, ಕೂಸುಗಳಿಗೂ."

"ಹಂಗಾದ್ರ ನಿಮ್ಮ ಕಡೆ ಮಾಲ ಇರಲಿಲ್ಲ."

"ಇರ್ಲಿಲ್ಲ."

"ಇಲ್ಲದ ಮಾಲಿಗೆ ನನ್ನ ಕೈ ಹಿಡಿಸಿದ್ರಿ."

ಹೊರಗೆ ಯಾರೋ ಸೈಕಲ್ ನಿಲ್ಲಿಸಿ ಬಾಗಿಲಲ್ಲಿ ಇಣುಕಿ ಹಿಂದೆ ಸರಿದರು. ಅವ್ವ ಕೇಳಿದಳು, "ನೀವು ಕೊಡೂದು ಇರಲಿಲ್ಲಂದ್ರ ನಾ ಬಿಟ್ಟದ್ದೂ ಹೋಗಲಿಲ್ಲೇನು?"

"ಹೋಗಲಿಲ್ಲ ಅಮ್ಮ. ನೀವು ಅವನ ಒಂದು ದಿನಾನೂ ಕೊಟ್ಟಿಲ್ಲ. ಯಾರೂ ತಗೊಂಡಿಲ್ಲ. ನೀವು ಕೈ ಹಿಡಿದಿದ್ದಕ್ಕೆ ಅವನಿಗೆ ಔಷಧ ಸಿಕ್ತು, ಅಷ್ಟೇ ಆಗಿದ್ದು."

"ಆಣಿ ಮಾಡ್ರಿ."

ವೈದ್ಯೆ ಅವ್ವನ ಅಂಗೈಯ ಮೇಲೆ ತಮ್ಮ ಕೈ ಇಟ್ಟರು. ಅವ್ವ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, ಬಿಟ್ಟು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ಬ್ಯಾಡಗಿಯ ಬಸ್ಸಿನಲ್ಲಿ ನಮಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದೆವು. ಊರು ದಾಟಿ ಹೊಲಗಳು ಶುರುವಾದವು.

"ನಾ ಕೊಟ್ಟಿಲ್ಲ. ಆಕಿ ತಗೊಂಡಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಹಂಗಾದ್ರ ಅವನ ಪಾಲಿಗೆ ಇದ್ದದ್ದ ಅಷ್ಟೇನು?"

"ಅಷ್ಟ ಇತ್ತವ್ವಾ" ಎಂದೆ.

ಅವಳು ಅಲ್ಲೇ, ಅಷ್ಟು ಜನರ ನಡುವೆ, ಕಂಬಿ ಹಿಡಿದಿದ್ದ ಕೈಗೆ ಹಣೆ ಒತ್ತಿ ಗಟ್ಟಿಯಾಗಿ ಅತ್ತಳು. ಕಂಡಕ್ಟರ್ ಟಿಕೆಟ್ ಕೇಳಲು ಬಂದವನು ನಮ್ಮನ್ನು ದಾಟಿ ಮುಂದೆ ಹೋದ. ಪಕ್ಕದ ಸೀಟಿನಲ್ಲಿದ್ದ ಹೆಂಗಸು ಯಾಕೆ, ಏನು ಎಂದು ಕೇಳಲಿಲ್ಲ. ತನ್ನ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಅವ್ವನಿಗೆ ಕೂರಲು ಜಾಗ ಮಾಡಿದಳು.